ತಿಮ್ಮವ್ವ ಹೇಳದ ಹೇಳಿಕೆ

ನನ್ನ ತಲೆಯ ಕೆಳಗೆ ನೆಲ ಇರಲಿಲ್ಲ.

ನೀರಿತ್ತು. ಕಾಲುವೆಯ ನೀರು. ಕೆಂಪಗೆ, ಸದ್ದಿಲ್ಲದೆ, ಎಮ್ಮೆಯನ್ನೂ ಎಳೆದುಕೊಂಡು ಹೋಗುವ ನೀರು!

ಹಂಪಣ್ಣ ನನ್ನನ್ನು ಸೇತುವೆಯ ಕಟ್ಟೆಯ ಮೇಲೆ ಅಂಗಾತ ಕೆಡವಿ, ಸೊಂಟದಿಂದ ಮೇಲಿನ ಭಾಗವನ್ನು ಆಚೆ ತೂಗುಬಿಟ್ಟಿದ್ದ. ಅವನ ಒಂದು ಕೈ ನನ್ನ ಬೆಲ್ಟಿನಲ್ಲಿ, ಇನ್ನೊಂದು ನನ್ನ ಜೇಬಿನಲ್ಲಿ. ಅವನು ನಮ್ಮ ಕಂಪನಿಯ ಜೀಪ್ ಡ್ರೈವರ್. ಡ್ರೈವಿಂಗ್ ಅವನಿಗೆ ಪಾರ್ಟ್ ಟೈಮ್.

“ಚೀಟಿ ಎಲ್ಲದಲೇ?”

“ಯಾವ ಚೀಟಿ?”

ಬೆಲ್ಟು ಹಿಡಿದ ಕೈ ಒಂದು ಗೇಣು ಸಡಿಲವಾಯಿತು. ಕನ್ನಡಕ ಜಾರಿ ಬಿತ್ತು. ಮುಳುಗಿದ್ದು ಕಾಣಲೇ ಇಲ್ಲ...

“ಮುದುಕಿ ನಿನ್ನ ಕೈಯಾಗ ಕೊಟ್ಟೀನಿ ಅಂದಾಳ. ಸಾವ್ಕಾರ್ರಿಗಿ ಚೀಟಿ ಬೇಕು. ನೀ ಬ್ಯಾಡ. ತಿಳೀತೇನು?”

“ಆಫೀಸಿನಾಗ ಅದ.”

“ಸುಳ್ಳ!”

ಹೌದು, ಸುಳ್ಳು. ಚೀಟಿ ನನ್ನ ಎಡಗಾಲಿನ ಶೂ ಒಳಗಿತ್ತು. ಆದರೆ ನಾಲ್ಕು ಗಂಟೆಯಾಗಿತ್ತು. ಸುರಪುರದಿಂದ ಗುಲ್ಬರ್ಗಾಕ್ಕೆ ಹೋಗುವ ಬಸ್ಸು ಹೊರಟಿತ್ತು. ಅದರಲ್ಲಿ ಒಂದು ಕವರ್ ಇತ್ತು. ಆ ಕವರಿನಲ್ಲಿ ನಾನು ಬರೆದ ಕಾಗದ!

ಅದನ್ನು ತಡೆಯಬೇಕಿತ್ತು. ಆಮೇಲೆ ಬೇಕಾದರೆ ಸಾಯಬಹುದಿತ್ತು.

ಆಗ ಟ್ರ್ಯಾಕ್ಟರಿನ ಸದ್ದು ಕೇಳಿತು. ಹಿಂದಿನ ಟ್ರಾಲಿಯ ತುಂಬ ನಾಟಿ ಮುಗಿಸಿ ಬರುತ್ತಿದ್ದ ಹೆಂಗಸರು. ಮೊಣಕಾಲಿನವರೆಗೆ ಕೆಸರು.

“ಏನೋ ಹಂಪಣ್ಣ, ಬರೀಗೈಲೇ ಮೀನ ಹಿಡಿಯಾಕತ್ತೀಯೇನು?”

“ಈ ಮೀನ ಪ್ಯಾಂಟ್ ಹಾಕ್ಕೊಂಡಾದಲ್ಲೇ ಯವ್ವಾ!”

ಟ್ರಾಲಿ ನಕ್ಕಿತು. ಹಂಪಣ್ಣ ನನ್ನನ್ನು ಎಳೆದು ನಿಲ್ಲಿಸಿ, ಶರ್ಟಿನ ಧೂಳು ಕೊಡವಿದ. ಸಾಕ್ಷಿಗಳು ಹದಿನೈದು!

“ಸಾಹೇಬ್ರಿಗಿ ತಲಿ ತಿರುಗಿತ್ತು... ಹಿಡಕೊಂಡಿದ್ದೆ.”

“ಹಿಡಕೋ, ಹಿಡಕೋ. ನಿನ್ನಿ ಮೋನಮ್ಮಗೂ ಯಾರರ ಹಿಂಗ ಹಿಡಕೊಂಡಿದ್ರ ಉಳೀತಿದ್ಲು.”

ನಗು ನಿಂತಿತು.

ನಾನು ಓಡಿ ಟ್ರಾಲಿಗೆ ಹಾರಿದೆ.

ಈಗ ನನ್ನ ಕಸುಬು ಏನೆಂದು ಹೇಳುತ್ತೇನೆ. ನಾನು ಅಮರಪ್ಪ. ಭೀಮರಾಯನಗುಡಿ ಕ್ಯಾಂಪಿನಲ್ಲಿ ಆಫೀಸಿದ್ದ ಒಂದು ಕಾಂಟ್ರಾಕ್ಟ್ ಕಂಪನಿಯ ಪಿ.ಆರ್.ಓ. ಕಾಲುವೆಯ ಹೂಳು ತೆಗೆಯುವುದು, ಗೇಟು ನೋಡಿಕೊಳ್ಳುವುದು ಕಂಪನಿಯ ಕೆಲಸ. ಕಂಪನಿಯನ್ನು ನೋಡಿಕೊಳ್ಳುವುದು ನನ್ನ ಕೆಲಸ.

ವರದಿಗಾರರಿಗೆ ಜೀಪು, ಚಹಾ, ಪ್ರೆಸ್ ನೋಟ್. ನೋಟಿನಲ್ಲಿ ಮಾತ್ರ ಸುಳ್ಳು ಬರೆಯುತ್ತಿರಲಿಲ್ಲ. ಬಿಡಬೇಕಾದ್ದನ್ನು ಬಿಡುತ್ತಿದ್ದೆ, ಅಷ್ಟೇ. ಗೇಟು ಮುರಿದರೆ “ದುರಸ್ತಿ ನಡೆದಿದೆ”. ಯಾಕೆ ಮುರಿಯಿತು? ಕೇಳಿದರೆ ತಾನೇ! ಅದಕ್ಕೇ ಸುರಪುರ, ಶಹಾಪುರ, ಯಾದಗಿರಿಯ ವರದಿಗಾರರು ನನ್ನ ನೋಟನ್ನು ಒಂದಕ್ಷರ ತಿದ್ದದೆ ಕಳಿಸುತ್ತಿದ್ದರು. ಆ ನಂಬಿಕೆ ಗಳಿಸಲು ಒಂಬತ್ತು ವರ್ಷ ಹಿಡಿಯಿತು.

ನೀಲಕಂಠ ಸಾವ್ಕಾರ ಅದನ್ನು ಒಂದೇ ಬೆಳಿಗ್ಗೆಯಲ್ಲಿ ಮುಗಿಸಿದ. ಕಂಪನಿ ಅವನದು.

“ನಿನ್ನಿ ಒಂಬತ್ತನೇ ಗೇಟಿನಾಗ ಒಬ್ಬಾಕಿ ಹೋಗ್ಯಾಳ. ಈಗ ಹೆಣ ಜಾಲರಿಗಿ ಸಿಕ್ಕಾದ. ಮೋನಮ್ಮ ಅಂತ. ನಿಮ್ಮ ಕೇರಿಯಾಕೀನ.”

ನನಗೆ ಚಹಾದ ಕಪ್ಪು ಕೆಳಗಿಡಲು ಜಾಗ ಸಿಗಲಿಲ್ಲ.

“ಮೋನಮ್ಮ... ನಮ್ಮ ಗ್ಯಾಂಗಿನಾಕಿ ಅಲ್ಲೇನ್ರಿ?”

“ನಿನ್ನಿ ರಜಾ ಮ್ಯಾಲಿದ್ಲು. ತಮ್ಮನ ಹೊಲಕ್ಕ ನೀರು ಕದಿಯಾಕ ಗೇಟ್ ಎತ್ತಾಕ ಹೋಗ್ಯಾಳ. ಹಂಗ ಬರಿ. ತಾಯಿ ಹೇಳಿಕಿ ಹಾಕು. ತಾಯೀನ ಅಂದಾಳ ಅಂದ್ರ ಮ್ಯಾಲ ಯಾವನೂ ಬಾಯಿ ತೆಗೆಯಂಗಿಲ್ಲ.”

“ಆಕಿ ಒಪ್ಪಬೇಕಲ್ರೀ?”

“ಅದಕ್ಕ ನಿನ್ನ ಇಟ್ಟೀವಿ ಅಮರಪ್ಪ! ನೀ ಓದಿದ್ರ ಕೇರಿ ಕೇಳ್ತದ.”

ಅವನಿಗೆ ಎಲ್ಲ ಗೊತ್ತಿತ್ತು.

ನಮ್ಮ ಕೇರಿಯಲ್ಲಿ ಒಂದು ಓದು ಬಳಗ ಇತ್ತು. ಆದಿತ್ಯವಾರ ಸಂಜೆ ಬುದ್ಧವಿಹಾರದ ಮುಂದಿನ ಕಟ್ಟೆಯಲ್ಲಿ ಕೂತು ಪೇಪರ್ ಓದುವುದು. ಒಬ್ಬ ಓದಬೇಕು, ಉಳಿದವರು ಕೇಳಬೇಕು. ಏಳನೇ ಕ್ಲಾಸಿನಿಂದ ಆ ಒಬ್ಬ ನಾನು. ಕಟ್ಟಳೆ ಒಂದೇ: ಇದ್ದದ್ದು ಇದ್ದ ಹಾಗೇ ಓದಬೇಕು. ಯಾಕೆ ಗೊತ್ತೇ? ನಮ್ಮ ಮಂದಿಗೆ ತಲೆತಲಾಂತರದಿಂದ ಊರಿನವರು ಓದಿ ಹೇಳಿದ್ದೆಲ್ಲ ಸುಳ್ಳು. ಪಟ್ಟಾ ಅಂದದ್ದು ಕರಾರಾಗಿತ್ತು. ಕರಾರು ಅಂದದ್ದು ಜೀತವಾಗಿತ್ತು. ಹೆಬ್ಬೆಟ್ಟು ಒತ್ತಿ ಒತ್ತಿ ಹೊಲ ಹೋಯಿತು, ಎತ್ತು ಹೋದವು, ಮಕ್ಕಳು ಹೋದರು! ನಮ್ಮವನೇ ಒಬ್ಬ ಓದುಗ ಬೇಕು ಎಂದು ಕೇರಿ ನನ್ನನ್ನು ಓದಿಸಿತು.

ಮೋನಮ್ಮ ನನಗಿಂತ ಎರಡು ವರ್ಷ ಸಣ್ಣವಳು. ಕಟ್ಟೆಯ ತುದಿಯಲ್ಲಿ ಕೂತು ಶೇಂಗಾ ಸುಲಿಯುತ್ತ ಕೇಳುತ್ತಿದ್ದಳು. ನಾನು ಒಂದು ಸಾಲು ಹಾರಿಸಿದರೂ ಹಿಡಿಯುತ್ತಿದ್ದಳು. “ನಡುವ ಏನೋ ನುಂಗಿದಿ. ಉಗುಳು!”

ಅವಳ ತಾಯಿ ತಿಮ್ಮವ್ವನ ಮುಂದೆ ನಾನು ಹನ್ನೊಂದು ಗಂಟೆಗೆ ಕಾಗದ ಬಿಚ್ಚಿದೆ. ಹೆಣ ಒಳಗಿತ್ತು. ಮುಖದ ಮೇಲೆ ಸೆರಗು ಮುಚ್ಚಿದ್ದರು.

ಕಾಗದದಲ್ಲಿ ಹೀಗಿತ್ತು: “ನನ್ನ ಮಗಳು ಹೊಲಕ್ಕೆ ನೀರು ತಿರುಗಿಸಿಕೊಳ್ಳಲು ತಾನಾಗಿ ಗೇಟು ಎತ್ತಲು ಹೋಗಿ ಸತ್ತಳು. ಕಂಪನಿಯ ತಪ್ಪು ಇರುವುದಿಲ್ಲ.”

ನನ್ನ ಬಾಯಿಂದ ಹೀಗೆ ಬಂತು: “ನನ್ನ ಮಗಳು ಕಂಪನಿಯ ಕೆಲಸದ ಮೇಲೆ ಇದ್ದಾಗ ಕಾಲುವೆಗೆ ಬಿದ್ದು ಸತ್ತಳು.”

ಸರಾಗವಾಗಿ ಬಂತು. ತಡವರಿಸಲೇ ಇಲ್ಲ!

ಮುದುಕಿ ತಲೆ ಎತ್ತಿದಳು.

“ಕೆಲಸದ ಮ್ಯಾಲ ಅಂತ ಬರ್ದಾರೇನಪ್ಪಾ?”

“ಹೌದವ್ವ.”

“ಮ್ಯಾಲಿನ ಓಣಿಯವರು ಮುಂಜಾನಿಂದ ನೀರುಗಳ್ಳಿ, ನೀರುಗಳ್ಳಿ ಅನ್ನಾಕತ್ತಾರ ಅಮರಾ. ಅದಕ್ಕ ಕೇಳಿದೆ. ಇನ್ನೊಮ್ಮಿ ಓದು.”

ಇನ್ನೊಮ್ಮೆ ಓದಿದೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಆಮೇಲೆ ಬೆರಳು ಮುಂದೆ ಮಾಡಿದಳು. ಅದನ್ನು ಹಿಡಿದು ಶಾಯಿಗೆ ಅದ್ದಿದವನೂ ನಾನೇ. ಅಷ್ಟು ತಣ್ಣಗಿನ ಬೆರಳನ್ನು ನಾನು ಮುಟ್ಟಿರಲಿಲ್ಲ...

ಸುರಪುರ ಬಸ್‌ಸ್ಟ್ಯಾಂಡಿನ ಎದುರಿಗೆ ಮಮ್ತಾಜಳ ಎಸ್.ಟಿ.ಡಿ. ಬೂತು. ಬೂತು ಹೊಟ್ಟೆಗೆ, ವರದಿ ಹಟಕ್ಕೆ. ಗುಲ್ಬರ್ಗಾದ ಒಂದು ದಿನಪತ್ರಿಕೆಗೆ ಅವಳು ತಾಲ್ಲೂಕು ವರದಿಗಾರ್ತಿ. ಬರೆದದ್ದನ್ನು ಕವರಿಗೆ ಹಾಕಿ ನಾಲ್ಕರ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಾಳೆ. ರಾತ್ರಿ ಡೆಸ್ಕು, ಬೆಳಿಗ್ಗೆ ಪೇಪರು. ನಮ್ಮ ಕಡೆಯ ಸುದ್ದಿಯೆಲ್ಲ ಟಿಕೆಟ್ಟಿಲ್ಲದೆ ಪ್ರಯಾಣ ಮಾಡುತ್ತಿದ್ದ ಕಾಲ ಅದು.

ನೋಟು ಓದಿ ಅವಳ ಹುಬ್ಬು ಗಂಟಾಯಿತು.

“ಯಾ ಅಲ್ಲಾ! ಮಗಳ ಹೆಣ ಮುಂದಿಟ್ಕೊಂಡು ತಾಯಿ ಹಿಂಗಂದಾಳ?”

“ಹೆಬ್ಬೆಟ್ಟು ನೋಡ್ರಿ.”

“ನೀವು ತಂದೀರಿ ಅಂದ್ರ ನಾ ಯಾಕ ನೋಡ್ಲಿ ಅಮರಪ್ಪ ಸಾಬ್? ಆಕಿದೊಂದು ಫೋಟೋ ಇದ್ರ ತಂದು ಕೊಡ್ರಿ. ನಾಲ್ಕರ ಬಸ್ಸಿಗಿ ಇಡ್ತೀನಿ.”

ಫೋಟೋ! ಒಳ್ಳೆಯ ಪಿ.ಆರ್.ಓ. ಫೋಟೋ ಇಲ್ಲ ಎನ್ನುವುದಿಲ್ಲ.

ನಾನು ತಿರುಗಿ ಕೇರಿಗೆ ಹೋದೆ. ಆಗಲೇ ಮಣ್ಣು ಮಾಡಿ ಬಂದಿದ್ದರು. ತಿಮ್ಮವ್ವ ಮಗಳ ಬುತ್ತಿಚೀಲ ಬಿಚ್ಚಿಕೊಂಡು ಕೂತಿದ್ದಳು. ಗೇಟಿನ ಹತ್ತಿರ ಸಿಕ್ಕಿತೆಂದು ಯಾರೋ ತಂದುಕೊಟ್ಟ ಚೀಲ. ಎರಡು ರೊಟ್ಟಿ ಹಾಗೇ ಇದ್ದವು.

“ಫೋಟೋ ಕೇಳ್ಯಾರವ್ವ, ಪೇಪರಿನವರು.”

ಮುದುಕಿಯ ಮುಖ ಅರಳಿತು. ಹೆಣ ಹೂತು ಬಂದ ಮನೆಯಲ್ಲಿ ಮುಖ ಅರಳಿದ್ದನ್ನು ನೀವು ನೋಡಿದ್ದೀರಾ? ನೋಡಬೇಡಿ.

“ಫೋಟೋನೂ ಹಾಕ್ತಾರ? ಕೇರಿಗೆಲ್ಲಾ ಹೇಳೀನಪ್ಪಾ... ನಾಳಿ ಪೇಪರಿನಾಗ ಬರ್ತದ, ನನ್ನ ಮಗಳು ಕಳ್ಳಿ ಅಲ್ಲ, ಕೆಲಸದ ಮ್ಯಾಲ ಸತ್ತಾಳಂತ. ಅಮರ ಬರ್ದಾನ ಅಂತ. ತಡಿ, ಈ ಚೀಲದಾಗ ಒಂದು ಚೀಟಿ ಅದ. ಇದನ್ನೂ ಓದು.”

ಗುಲಾಬಿ ಬಣ್ಣದ ಚೀಟಿ. ನಮ್ಮ ಕಂಪನಿಯದು. ನಿನ್ನೆಯ ತಾರೀಖು. ಸೂಪರ್‌ವೈಸರನ ಸಹಿ, ಸೀಲು. “ಮೋನಮ್ಮಗೆ. ಒಂಬತ್ತನೇ ಗೇಟಿಗೆ ಸಿಕ್ಕಿದ ಕಸ ಇವತ್ತೇ ಇಳಿದು ತೆಗೆಯತಕ್ಕದ್ದು. ನೀರು ನಿಲ್ಲಿಸಲಾಗುವುದಿಲ್ಲ.”

ಹರಿಯುವ ನೀರಿಗೆ ಇಳಿಸಿದ್ದರು. ಹಗ್ಗ ಕೂಡ ಕೊಡದೆ.

“ಏನ್ ಬರ್ದಾರ?”

“ಕೆಲಸದ ಮ್ಯಾಲ ಇದ್ಲು ಅಂತ, ಯವ್ವ.”

ಅವತ್ತು ನಾನು ಆಡಿದ ಮೊದಲ ನಿಜ!

ಚೀಟಿ ಶೂ ಒಳಗೆ ಸೇರಿತು. ನೋಟು ಹಿಂದಕ್ಕೆ ಪಡೆಯಲು ಸುರಪುರದ ಕಡೆ ಓಡಿದೆ. ಚೀಟಿಯ ನೆನಪು ಅಷ್ಟರಲ್ಲಿ ಸಾವ್ಕಾರನಿಗೂ ಬಂದಿತ್ತು. ಹಂಪಣ್ಣ ಕೇರಿಗೆ ಹೋಗಿ ಮುದುಕಿಯನ್ನು ಕೇಳಿ, ನನ್ನ ಬೆನ್ನು ಹತ್ತಿ, ಸೇತುವೆಯ ಮೇಲೆ ಹಿಡಿದ. ಉಳಿದದ್ದನ್ನು ಆಗಲೇ ಹೇಳಿದ್ದೇನೆ.

ಟ್ರ್ಯಾಕ್ಟರ್ ಕಾಲುವೆಯ ಏರಿಯ ಮೇಲೆ ಕುಲುಕುತ್ತ ಹೊರಟಿತು. ಒಂದೇ ಗಾಡಿಯ ಅಗಲದ ದಾರಿ. ಹಿಂದೆ ಹಂಪಣ್ಣನ ಜೀಪು. ಹಾರ್ನು... ಹಾರ್ನು... ಹಾರ್ನು!

“ದಾರಿ ಬಿಡಬ್ಯಾಡ್ರಿ!” ಎಂದೆ.

ಕೆಸರು ಕಾಲಿನ ಹಿರಿಯಳೊಬ್ಬಳು ನನ್ನನ್ನು ಅಳೆದು ನೋಡಿದಳು. “ನೀ ಕಂಪನ್ಯಾವ ಅಲ್ಲೇನು? ನಿಮ್ಮ ನಿಮ್ಮೊಳಗ ಯಾಕ ಕಡದಾಡ್ತೀರಿ?”

“ಮೋನಮ್ಮನ ಮ್ಯಾಲ ಸುಳ್ಳು ಬರ್ದಾರ. ಪೇಪರಿಗಿ ಹೊಂಟಾದ. ತಡೀಬೇಕು.”

“ಯಾರು ಬರ್ದಾರ?”

ನಾನು ಹಿಂದೆ ಬರುತ್ತಿದ್ದ ಜೀಪಿನ ಕಡೆ ತಿರುಗಿದೆ. ಅವಳಿಗೆ ಉತ್ತರ ಬೇಕಾಗಲಿಲ್ಲ. ಹೆದ್ದಾರಿ ಮುಟ್ಟುತ್ತಲೇ ಡ್ರೈವರನ ಬೆನ್ನಿಗೆ ಗುದ್ದಿ, “ಅಡ್ಡ ಹಚ್ಚೋ!” ಎಂದಳು. ಟ್ರ್ಯಾಕ್ಟರ್ ದಾರಿಯ ಬಾಯಿಗೆ ಅಡ್ಡ ನಿಂತಿತು. “ಇಂಜಿನ್ ಕೆಟ್ಟಾದ ಹಂಪಣ್ಣ! ಇಳಿದು ದಬ್ಬು ಬಾ!”

ಗುಲ್ಬರ್ಗಾದ ಬಸ್ಸು ಶಹಾಪುರದಲ್ಲಿ ಚಹಾಕ್ಕೆ ನಿಲ್ಲುತ್ತದೆ. ನಾನು ಆ ಕಡೆ ಹೊರಟಿದ್ದ ಹತ್ತಿ ಲಾರಿಗೆ ಕೈ ಅಡ್ಡ ಹಾಕಿದೆ. ಹತ್ತಿದೆ. ಕಾಲುವೆ ನೀರಿನಲ್ಲಿ ಹಸಿರಾದ ಗದ್ದೆಗಳು ಹಿಂದೆ ಓಡಿದವು. ಆ ಹಸಿರಿನ ಬಗ್ಗೆ ನಾನು ಎಷ್ಟು ನೋಟು ಬರೆದಿದ್ದೆ!

ಶಹಾಪುರ ಬಸ್‌ಸ್ಟ್ಯಾಂಡ್. ಬಸ್ಸು ಇತ್ತು! ಕಂಡಕ್ಟರ್ ಚಹಾದ ಬಸಿಯನ್ನು ಊದುತ್ತಿದ್ದ.

“ಕವರ್ ಕೊಡ್ರಿ! ಮಮ್ತಾಜ ಮೇಡಂದು!”

“ಗುಲ್ಬರ್ಗಾದ್ದು ನಿಮಗ್ಯಾಕ ಕೊಡ್ಲಿ?”

“ಒಳಗಿಂದು ನನ್ನ ನೋಟ. ತಪ್ಪಾಗ್ಯಾದ.”

“ನಿಮ್ಮ ನೋಟಿನಾಗ ತಪ್ಪಾ?” ಅವನು ನಕ್ಕು ಕವರ್ ಕೊಟ್ಟ. ಅವನೂ ನಂಬಿದ್ದ.

ಹರಿದೆ. ಹೆಬ್ಬೆಟ್ಟಿನ ಕಾಗದ ಇತ್ತು. ಜೊತೆಗೆ ಮಮ್ತಾಜಳ ದುಂಡಕ್ಷರದಲ್ಲಿ ಎರಡು ಸಾಲು: “ಈ ಸುದ್ದಿ ಮಧ್ಯಾಹ್ನವೇ ಫೋನಿನಲ್ಲಿ ಬರೆಸಿದ್ದೇನೆ. ಇದು ಅಸಲು, ದಾಖಲೆಗೆ ಇಟ್ಟುಕೊಳ್ಳಿ. ಅಮರಪ್ಪನವರು ಕೊಟ್ಟದ್ದು. ವಿಚಾರಿಸುವ ಅಗತ್ಯ ಇಲ್ಲ.”

ವಿಚಾರಿಸುವ ಅಗತ್ಯ ಇಲ್ಲ...

ಹಿಂದಿನಿಂದ ಒಂದು ಭಾರದ ಕೈ ಹೆಗಲ ಮೇಲೆ ಬಿತ್ತು. ಹಂಪಣ್ಣ ನನ್ನ ಭುಜದ ಮೇಲಿಂದ ಆ ಸಾಲನ್ನು ಓದಿದ. ನಿಧಾನವಾಗಿ, ಅಕ್ಷರ ಕೂಡಿಸಿ.

“ಹೋಗೇ ಬಿಟ್ಟಾದಲ್ಲೋ ಸುದ್ದಿ! ಸುಮ್ಮನ ಓಡಿಸಿದಿ ನನಗ.”

ಅವನು ನನ್ನ ಬಲಗೈಯನ್ನು ಬಸ್ಸಿನ ಬಾಗಿಲ ಸಂದಿಗೆ ಇಟ್ಟು, ಬಾಗಿಲು ಹಾಕಿದ. ಎರಡು ಬೆರಳು. ಸದ್ದು ನನಗೇ ಕೇಳಿಸಿತು!

“ಇನ್ನ ಬರಿ.”

ಕಂಡಕ್ಟರ್ ಕೂಗಿದ. ಜನ ಸೇರಿತು. ಹಂಪಣ್ಣ ಹೋದ. ಶೂ ತೆಗೆದು ನೋಡುವ ಬುದ್ಧಿ ಅವನಿಗೆ ಹೊಳೆಯಲಿಲ್ಲ.

ಬಸ್‌ಸ್ಟ್ಯಾಂಡಿನ ಬೂತಿನಿಂದ ಎಡಗೈಯಲ್ಲಿ ಗುಲ್ಬರ್ಗಾಕ್ಕೆ ಡಯಲ್ ಮಾಡಿದೆ. ಮೂರು ಸಲ ಎಂಗೇಜ್. ನಾಲ್ಕನೆಯ ಸಲ ಡೆಸ್ಕು ಸಿಕ್ಕಿತು.

“ನೋಟು ನಿಮ್ಮದ, ಬ್ಯಾಡ ಅನ್ನೋರೂ ನೀವ?”

“ಸುಳ್ಳು ಅದ ಅದು. ನಾನ ಬರ್ದದ್ದು. ತೆಗೀರಿ!”

“ಹಂಗ ಬಾಯಿಮಾತಿಗಿ ತೆಗೆಯಾಕ ಬರಂಗಿಲ್ರಿ. ಕಂಪನಿ ಲೆಟರ್‌ಹೆಡ್ ಮ್ಯಾಲ ಸೀಲ್ ಹಾಕಿ ಕಳಸ್ರಿ.”

ಆ ನಿಯಮ ಅವರಿಗೆ ಕಲಿಸಿದವನು ನಾನೇ. ಕಂಪನಿಯ ವಿರುದ್ಧ ಯಾರು ಏನು ಹೇಳಿದರೂ ಲೆಟರ್‌ಹೆಡ್ ಇಲ್ಲದೆ ನಂಬಬೇಡಿ ಎಂದು ಎರಡು ವರ್ಷದ ಹಿಂದೆ ಊಟ ಹಾಕಿಸಿ ಒಪ್ಪಿಸಿದ್ದೆ!

ಬೆಳಿಗ್ಗೆ ನಾನು ಕೇರಿ ಮುಟ್ಟುವಷ್ಟರಲ್ಲಿ ಪೇಪರು ಮುಟ್ಟಿತ್ತು.

“ನೀರು ಕದಿಯಲು ಹೋಗಿ ಮಹಿಳೆ ಕಾಲುವೆ ಪಾಲು. ಮಗಳದೇ ತಪ್ಪು: ತಾಯಿ.”

ಓದಿದ್ದು ಮೇಲಿನ ಓಣಿಯವನೊಬ್ಬ. ಕೇರಿಯ ನಡುವೆ ನಿಂತು, ಗಟ್ಟಿಯಾಗಿ, ಇದ್ದದ್ದು ಇದ್ದ ಹಾಗೇ ಓದಿದನಂತೆ.

ತಿಮ್ಮವ್ವ ಹೊಸ್ತಿಲ ಮೇಲೆ ಕೂತಿದ್ದಳು. ನನ್ನ ಕೈಯ ಪಟ್ಟಿ ನೋಡಿದಳು. ಏನಾಯಿತು ಎಂದು ಕೇಳಿದಳು! ಅವಳು ಮೊದಲು ಕೇಳಿದ್ದೇ ಅದನ್ನು.

“ಯವ್ವಾ... ನಾ ಬ್ಯಾರೆ ಓದಿದೆ. ಕಾಗದದಾಗ ಬ್ಯಾರೆ ಇತ್ತು.”

ಅವಳು ಹೆಬ್ಬೆರಳನ್ನು ಮುಖದ ಹತ್ತಿರ ಹಿಡಿದು ನೋಡಿದಳು. ಉಗುರಿನ ಸಂದಿಯಲ್ಲಿ ಶಾಯಿ ಇನ್ನೂ ಇತ್ತು.

“ಊರವರು ಅಂದ್ರ ಅನ್ಲಿ ಬಿಡು. ಅವರು ಯಾವಾಗ ನಮಗ ಚಲೋ ಅಂದಾರ? ನಾ ಯಾಕಂದೆ ಅಮರಾ? ನನ್ನ ಮಗಳಿಗಿ ಕಳ್ಳಿ ಅಂತ... ನಾ ಯಾಕಂದೆ?”

“ನೀ ಅಂದಿಲ್ಲವ್ವ. ನಾ ಅನ್ನಿಸಿದೆ.”

“ಹೆಬ್ಬೆಟ್ಟು ನಂದ ಅದಲ್ಲೋ.”

ಬೈಯಲಿಲ್ಲ. ಮಣ್ಣು ತೂರಲಿಲ್ಲ. ಎದ್ದು ಒಳಗೆ ಹೋದಳು. ಬಾಗಿಲು ಕೂಡ ಮೆಲ್ಲಗೆ ಹಾಕಿಕೊಂಡಳು.

ನನ್ನ ಬೆರಳು ಮುರಿದವರಿದ್ದಾರೆ, ಕಾಲುವೆಗೆ ತೂಗುಬಿಟ್ಟವರಿದ್ದಾರೆ. ಆ ಬಾಗಿಲಿನಷ್ಟು ಯಾರೂ ಹೊಡೆಯಲಿಲ್ಲ.

ನಾನು ನೇರ ಸುರಪುರಕ್ಕೆ ಹೋದೆ. ಮಮ್ತಾಜಳ ಕೌಂಟರಿನ ಮೇಲೆ ಗುಲಾಬಿ ಚೀಟಿ ಇಟ್ಟೆ. ಅವಳು ಓದಿದಳು. ಫೋನಿಗೆ ಕಾಯುತ್ತಿದ್ದ ಗಿರಾಕಿಗಳನ್ನು ಹೊರಗೆ ಕಳಿಸಿ ಶಟರ್ ಅರ್ಧ ಎಳೆದಳು.

“ಹೊಡೀಬೇಕು ನಿಮಗ. ಚಪ್ಪಲಿ ತೊಗೊಂಡು ಹೊಡೀಬೇಕು!”

“ಹೊಡೀರಿ. ಆಮ್ಯಾಲ ಬರ್ಕೊಳ್ರಿ. ನನ್ನ ಹೆಸರು ಹಾಕ್ರಿ. ಪಿ.ಆರ್.ಓ. ಅಮರಪ್ಪ ಸುಳ್ಳು ಓದಿ ಹೆಬ್ಬೆಟ್ಟು ತೊಗೊಂಡಾನ ಅಂತ.”

“ನೌಕರಿ ಹೋಗ್ತದ. ಕೇಸೂ ಆಗಬಹುದು.”

“ಆಗ್ಲಿ.”

ಅವಳು ಪೆನ್ನು ತೆರೆದಳು. ಬರೆಯಲಿಲ್ಲ. ಚೀಟಿಯನ್ನೇ ನೋಡುತ್ತಿದ್ದಳು.

“ಒಂಬತ್ತನೇ ಗೇಟು ಇಲ್ಲಿಂದ ಎಷ್ಟು ದೂರ ಸಾಬ್? ಎಂಟು ಕಿಲೋಮೀಟರ್. ಆಟೋ ಹೋಗ್ತದ. ನಾ ಹೋಗಲಿಲ್ಲ. ಆ ತಾಯಿ ಮಾರಿ ನೋಡಲಿಲ್ಲ. ನೀವು ಕೊಟ್ರಿ, ನಾ ಓದಿ ಹೇಳಿದೆ... ನೀವು ಆಕಿಗಿ ಓದಿದಂಗ, ನಾ ಜಿಲ್ಲಾಕ್ಕ ಓದಿದೆ.” ಮೂಗು ಒರೆಸಿಕೊಂಡಳು. “ನನ್ನ ಹೆಸರೂ ಹಾಕ್ತೀನಿ.”

ನಾನು ಎಡಗೈಯಲ್ಲಿ ಸಹಿ ಮಾಡಿದೆ. ಮಗುವಿನ ಅಕ್ಷರದ ಹಾಗೆ ಬಂತು.

ಡೆಸ್ಕು ಏಳು ದಿನ ಒದ್ದಾಡಿತು. ಮಮ್ತಾಜ ಏಳು ದಿನ ಬೇರೆ ಸುದ್ದಿ ಕಳಿಸಲಿಲ್ಲ. ಪ್ರತಿ ಬಸ್ಸಿಗೂ ಅದೇ ಕವರು, ಅದೇ ಚೀಟಿಯ ಝೆರಾಕ್ಸು! ಎಂಟನೆಯ ದಿನ ಬಂತು. ಆರನೇ ಪುಟ, ಟೆಂಡರ್ ಜಾಹೀರಾತಿನ ಕೆಳಗೆ, ಐದು ಸಾಲು. ಮೋನಮ್ಮ ಕಾಲುವೆಯ ಕೂಲಿಕಾರಳು, ಕೆಲಸದ ಮೇಲಿದ್ದಾಗಲೇ ಸತ್ತಳು. ತಾಯಿಯ ಹೇಳಿಕೆ ತಾಯಿಯದಲ್ಲ. ತಪ್ಪು ಇಂಥವರದು. ವಿಷಾದಿಸುತ್ತೇವೆ.

ಕಂಪನಿ ಅವತ್ತೇ ನನ್ನನ್ನು ಹೊರಗೆ ಹಾಕಿತು. ಸೂಪರ್‌ವೈಸರನನ್ನು ಬೇರೆ ಗೇಟಿಗೆ ಹಾಕಿತು. ನೀಲಕಂಠ ಸಾವ್ಕಾರ ಹೊಸ ಪಿ.ಆರ್.ಓ. ತಂದ, ಕೇರಿಯ ಕಡೆಯವನಲ್ಲ. ಕಾಲುವೆಯಲ್ಲಿ ನೀರು ನಿಲ್ಲಲಿಲ್ಲ.

ಮಮ್ತಾಜ ಪೇಪರು ಹಿಡಿದು ಕೇರಿಗೆ ಹೋದಳು. ನಾನು ವಿಹಾರದ ಗೋಡೆಯ ಹತ್ತಿರ ನಿಂತೆ. ಅದಕ್ಕಿಂತ ಮುಂದೆ ಕಾಲು ಹೋಗಲಿಲ್ಲ.

ಮಮ್ತಾಜ ಓದಿದ್ದನ್ನು ತಿಮ್ಮವ್ವ ಪೂರ್ತಿ ಕೇಳಿದಳು. ಪೇಪರನ್ನು ಇಸಕೊಂಡು, ಮಡಚಿ, ಕೇರಿಯ ಇನ್ನೊಂದು ತುದಿಯ ಅಂಗನವಾಡಿಗೆ ನಡೆದಳು. ಆಗ ನಾನೂ ದೂರದಿಂದ ಹಿಂದೆ ಹೋದೆ. ಅಲ್ಲಿ ಟೀಚರ್ ಚಂದಮ್ಮನ ಕೈಗೆ ಕೊಟ್ಟಳು. ಮೊದಲು ಯಾರು ಓದಿದರು, ಏನು ಓದಿದರು ಎಂದು ಹೇಳಲಿಲ್ಲ.

“ಓದವ್ವ. ಸಾವಕಾಶ ಓದು.”

ಚಂದಮ್ಮ ಓದಿದಳು. ತಿಮ್ಮವ್ವನ ತುಟಿ ಅಲ್ಲಾಡುತ್ತಿತ್ತು. ಮಮ್ತಾಜ ಓದಿದ ಐದು ಸಾಲನ್ನು ಚಂದಮ್ಮ ಓದಿದ ಐದು ಸಾಲಿಗೆ ಜೋಡಿಸಿ ನೋಡುತ್ತಿದ್ದಳು. ಕೊನೆಗೆ ಹಿಂದೆ ಬಂದ ಮಮ್ತಾಜಳ ಕಡೆ ತಿರುಗಿದಳು.

“ಎರಡೂ ಒಂದೇ ಅದ ಬಿಡ್ರಿ.”

ನಾನು ಒಂದು ಹೆಜ್ಜೆ ಮುಂದೆ ಬಂದೆ. “ಯವ್ವಾ, ನಾನೂ ಒಮ್ಮಿ ಓದಿ ಹೇಳಲೇನು?”

“ಬ್ಯಾಡಪ್ಪಾ,” ಎಂದಳು. ಸಿಟ್ಟಿರಲಿಲ್ಲ. ಅಪರಿಚಿತರಿಗೆ ನೀರು ಬೇಡ ಅಂದ ಹಾಗೆ.

ಈಗ ಅವಳಿಗೆ ಯಾವ ಕಾ‌ಗದ ಬಂದರೂ ಹಾಗೆಯೇ ಅಂತೆ. ಇಬ್ಬರು ಓದಬೇಕು, ಬೇರೆ ಬೇರೆ ಜಾಗದಲ್ಲಿ. ಒಬ್ಬರು ಓದಿದ್ದು ಇನ್ನೊಬ್ಬರಿಗೆ ಗೊತ್ತಾಗಬಾರದು.

ಈ ಕಾಲುವೆ ಸೀಮೆಯಲ್ಲಿ ಎರಡು ಕಡೆ ವಿಚಾರಿಸದೆ ಸುದ್ದಿ ನಂಬದ ಪತ್ರಕರ್ತೆ ಒಬ್ಬಳೇ ಇದ್ದಾಳೆ... ಅವಳಿಗೆ ಓದು ಬರುವುದಿಲ್ಲ!